ಮಂಗಳೂರಿಗೆ ಬಂದ ನೆಂಟರನ್ನು ನಾನು ಸುತ್ತಿಸುವ ರೀತಿ

ನಮ್ಮ ಮನೆ ಮಂಗಳೂರಿನ ಉರ್ವದಲ್ಲಿದೆ. ಸಮುದ್ರದ ಊರಲ್ಲಿ ಮನೆ ಇದ್ದರೆ ನೆಂಟರಿಗೆ ಬರವಿಲ್ಲ. ಡಿಸೆಂಬರ್ ರಜೆ ಶುರುವಾಯಿತೆಂದರೆ ಮೈಸೂರಿನ ಚಿಕ್ಕಮ್ಮ, ದಾವಣಗೆರೆಯ ಭಾವ, ಬೆಂಗಳೂರಿನ ಹಳೆಯ ಗೆಳೆಯರು, ಹೀಗೆ ಯಾರಾದರೂ ಬರುತ್ತಲೇ ಇರುತ್ತಾರೆ. ಎಲ್ಲರ ಫೋನಿನಲ್ಲೂ ಹೆಚ್ಚುಕಡಿಮೆ ಒಂದೇ ಪಟ್ಟಿ. ಪಣಂಬೂರು ಬೀಚ್, ಕುದ್ರೋಳಿ, ಕಟೀಲು, ಪಿಲಿಕುಳ, ಒಂದು ಮಾಲ್, ರಾತ್ರಿಗೆ ಗಡ್‌ಬಡ್ ಐಸ್‌ಕ್ರೀಮ್. ಇವೆಲ್ಲ ಒಳ್ಳೆಯ ಜಾಗಗಳೇ. ಆದರೆ ಒಂದೇ ದಿನದಲ್ಲಿ ಇಷ್ಟನ್ನೂ ಮುಗಿಸಲು ಹೊರಟರೆ ಅರ್ಧ ದಿನ ಕಾರಿನೊಳಗೇ ಕಳೆಯುತ್ತದೆ. ಕೊನೆಗೆ ಊರು ಹೇಗಿತ್ತು ಅಂತ ಕೇಳಿದರೆ ‘ಸೆಕೆ ಜಾಸ್ತಿ’ ಅನ್ನುತ್ತಾರೆ.

ಮಂಗಳೂರು ನೇತ್ರಾವತಿ ಮತ್ತು ಫಲ್ಗುಣಿ, ಅಂದರೆ ಗುರುಪುರ ನದಿ, ಸಮುದ್ರ ಸೇರುವ ಕಡೆ ಬೆಳೆದ ಊರು. ಆ ನೀರಿನ ಹತ್ತಿರ ಹೋಗದೆ ಈ ಊರು ಅರ್ಥವಾಗುವುದಿಲ್ಲ ಅನ್ನುವುದು ನನ್ನ ನಂಬಿಕೆ. ಹಾಗಾಗಿ ನಾನು ಕಾರನ್ನು ಮನೆಯಲ್ಲೇ ಬಿಡುತ್ತೇನೆ. ಆಟೋ, ಸಿಟಿ ಬಸ್ಸು, ದೋಣಿ, ಉಳಿದದ್ದು ಕಾಲ್ನಡಿಗೆ. ಬೆಳಿಗ್ಗೆ ಬೇಗ ಹೊರಗೆ, ಮಧ್ಯಾಹ್ನ ತಂಪಾದ ಕಟ್ಟಡಗಳ ಒಳಗೆ, ನಾಲ್ಕು ಗಂಟೆಯ ಮೇಲೆ ಮತ್ತೆ ನೀರಿನ ಕಡೆಗೆ. ಬಿಸಿಲಿಗೆ ತಕ್ಕಂತೆ ದಿನವನ್ನು ಹೀಗೆ ಜೋಡಿಸಿಕೊಂಡರೆ ವಯಸ್ಸಾದವರೂ ಸುಸ್ತಾಗುವುದಿಲ್ಲ.

ಮೊದಲನೇ ಬೆಳಿಗ್ಗೆ ದಕ್ಕೆಗೆ, ಅಂದರೆ ಮೀನುಗಾರಿಕೆ ಬಂದರಿಗೆ. ಬೆಳಕು ಹರಿಯುವ ಹೊತ್ತಿಗೆ ಅಲ್ಲಿರಬೇಕು. ಏಳೂವರೆಯ ಮೇಲೆ ಹೋದರೆ ಗಲಾಟೆಯ ಮುಖ್ಯ ಭಾಗ ತಪ್ಪಿಹೋಗಿರುತ್ತದೆ. ಟ್ರಾಲ್ ಬೋಟುಗಳು, ಪರ್ಸೀನ್ ಬೋಟುಗಳು ಒಂದಕ್ಕೊಂದು ತಾಗಿಕೊಂಡು ನಿಂತಿರುತ್ತವೆ. ಬುಟ್ಟಿ ಬುಟ್ಟಿ ಬಂಗುಡೆ, ಬೂತಾಯಿ ಇಳಿಯುತ್ತವೆ. ದೊಡ್ಡ ಅಂಜಲ್‌ಗಳನ್ನು ನೆಲದ ಮೇಲೆ ಸಾಲಾಗಿ ಮಲಗಿಸಿರುತ್ತಾರೆ. ಅದರ ಸುತ್ತ ಏಲಂ. ಕೂಗುವವನ ಬಾಯಿಯಿಂದ ಬರುವ ಅಂಕಿಗಳು ಹೊರಗಿನವರಿಗೆ ಹಿಡಿಯಲು ಸಿಗುವುದಿಲ್ಲ. ಕೊಳ್ಳುವವರು ತಲೆ ಅಲ್ಲಾಡಿಸಿದರೋ ಇಲ್ಲವೋ ಅನ್ನುವಷ್ಟರಲ್ಲಿ ರಾಶಿ ಕೈ ಬದಲಾಗಿರುತ್ತದೆ. ಏಲಂನಲ್ಲಿ ಕೊಂಡು ಪೇಟೆಗೆ ಒಯ್ದು ಮಾರುವ ಹೆಂಗಸರನ್ನು ಗಮನಿಸಿ. ಮೀನಿನ ಕಣ್ಣು ನೋಡುತ್ತಾರೆ, ಕಿವಿರು ಎತ್ತಿ ಬಣ್ಣ ನೋಡುತ್ತಾರೆ, ಆಮೇಲೆ ಬೆಲೆ ಮಾತಾಡುತ್ತಾರೆ. ನಮ್ಮ ಭಾವ ಶುದ್ಧ ಸಸ್ಯಾಹಾರಿ. ವಾಸನೆ ತಡೆಯುತ್ತೀರಾ ಅಂತ ಕೇಳಿಯೇ ಕರೆದುಕೊಂಡು ಹೋಗಿದ್ದೆ. ಅವರು ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಏಲಂ ಮುಗಿಯುವವರೆಗೂ ನಿಂತರು.

ದಕ್ಕೆಗೆ ಹೋಗುವವರಿಗೆ ಒಂದೆರಡು ಮಾತು. ನೆಲ ಪೂರ್ತಿ ಒದ್ದೆ, ಜಾರುತ್ತದೆ. ಹಿಡಿತ ಇರುವ ರಬ್ಬರ್ ಚಪ್ಪಲಿ ಹಾಕಿಕೊಳ್ಳಿ. ಹಿಂದಿನಿಂದ ‘ಸಾದಿ ಬುಡ್ಲೆ’ ಅನ್ನುವ ತುಳು ಕೂಗು ಕೇಳಿದರೆ ತಕ್ಷಣ ಪಕ್ಕಕ್ಕೆ ಸರಿಯಿರಿ, ದಾರಿ ಬಿಡಿ ಅನ್ನುತ್ತಿದ್ದಾರೆ. ಐಸಿನ ಬುಟ್ಟಿ ಹೊತ್ತವರಿಗೆ ನಿಲ್ಲಲು ಆಗುವುದಿಲ್ಲ. ಫೋಟೋ ತೆಗೆಯುವ ಮೊದಲು ಕೇಳಿ. ಅದು ಅವರು ದುಡಿಯುವ ಜಾಗ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದೆ, ಆಗ ದಕ್ಕೆಯಲ್ಲಿ ಬೋಟುಗಳ ಸಾಲು ಬಿಟ್ಟರೆ ಬೇರೇನೂ ಇರುವುದಿಲ್ಲ.

ದಕ್ಕೆಯ ಪಕ್ಕದ್ದೇ ಹಳೆ ಬಂದರು. ಹೊಸ ಬಂದರು ಪಣಂಬೂರಿನಲ್ಲಿ ಬಂದದ್ದು 1970ರ ದಶಕದಲ್ಲಿ. ಅದಕ್ಕೂ ಮೊದಲು ಈ ಊರಿನ ವ್ಯಾಪಾರವೆಲ್ಲ ಇಲ್ಲಿಯೇ. ಈಗಲೂ ಲಕ್ಷದ್ವೀಪಕ್ಕೆ ತರಕಾರಿ, ಸಿಮೆಂಟು, ಜಲ್ಲಿ ಹೊತ್ತ ಮಂಜಿಗಳು, ಅಂದರೆ ಸರಕು ಹಡಗುಗಳು, ಇಲ್ಲಿಂದ ಹೊರಡುತ್ತವೆ. ಮಳೆಗಾಲದಲ್ಲಿ ಮಾತ್ರ ನಿಲ್ಲುತ್ತವೆ. ಬಂದರಿನ ಬೀದಿಗಳಲ್ಲಿ ಸುಮ್ನೆ ಅಡ್ಡಾಡಿ. ಮೆಣಸಿನ ಘಾಟು, ಕೊಬ್ಬರಿ, ಹಗ್ಗ, ಒಣಮೀನು, ಒಂದೊಂದು ಬೀದಿಗೆ ಒಂದೊಂದು ವಾಸನೆ. ಮಾಡು, ಅಂದರೆ ಹೆಂಚಿನ ಸೂರು, ಇಳಿಬಿಟ್ಟ ಹಳೆಯ ಗೋಡೌನುಗಳ ಮುಂದೆ ಕೈಗಾಡಿಗಳು ನಿಂತಿರುತ್ತವೆ. ಇಲ್ಲಿಯೇ ಝೀನತ್ ಬಕ್ಷ್ ಮಸೀದಿ ಇದೆ. ಕರಾವಳಿಗೆ ಬಂದ ಅರಬ್ ವರ್ತಕರ ಕಾಲದ್ದು ಅನ್ನುವ ನಂಬಿಕೆ, ಟಿಪ್ಪುವಿನ ಕಾಲದಲ್ಲಿ ನವೀಕರಣವಾಯಿತು ಅನ್ನುತ್ತಾರೆ. ಒಳಗಿನ ಮರದ ಕಂಬಗಳ ಕೆತ್ತನೆ ನೋಡಲೇಬೇಕು. ತುಳುನಾಡಿನ ಗುತ್ತಿನ ಮನೆಗಳ, ಅಂದರೆ ಹಳೆಯ ದೊಡ್ಡ ಮನೆತನಗಳ ಮನೆಗಳ, ಚಾವಡಿ ನೋಡಿದವರಿಗೆ ಆ ಕೈಕೆಲಸ ಪರಿಚಯದ್ದೇ ಅನ್ನಿಸುತ್ತದೆ. ನಮಾಜಿನ ಹೊತ್ತು ಬಿಟ್ಟು ಹೋಗಿ, ಬಾಗಿಲಲ್ಲಿ ಇರುವವರನ್ನು ಕೇಳಿ ಒಳಗೆ ಕಾಲಿಡಿ.

ಬಂದರಿನಲ್ಲಿ ನಡೆಯುವಾಗ ತಲೆ ಎತ್ತಿ ಹೆಂಚು ನೋಡುವುದು ನನ್ನ ಹಳೆಯ ಚಟ. ನೆಂಟರಿಗೂ ಅದನ್ನೇ ಅಂಟಿಸುತ್ತೇನೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್‌ನವರು 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದರು. ನೇತ್ರಾವತಿ ದಡದ ಜೇಡಿಮಣ್ಣು ಇಲ್ಲಿ ಧಾರಾಳವಾಗಿತ್ತು. ಸುಡಲು ಸೌದೆ ಇತ್ತು, ಸಾಗಿಸಲು ನದಿ ಮತ್ತು ಬಂದರು ಎರಡೂ ಇದ್ದವು. ನೋಡುನೋಡುತ್ತ ಬೇರೆಯವರೂ ಕಾರ್ಖಾನೆ ತೆರೆದರು. ಮಂಗಳೂರು ಹೆಂಚು ಹಡಗು ಹತ್ತಿ ದೂರದ ದೇಶಗಳಿಗೆ ಹೋಯಿತು. ಎಲ್ಲಾದರೂ ಮಾಡು ಬಿಚ್ಚಿ ಹಳೆ ಹೆಂಚು ಪೇರಿಸಿಟ್ಟಿದ್ದರೆ ಒಂದನ್ನು ತಿರುಗಿಸಿ ನೋಡಿ. ಅಡಿಯಲ್ಲಿ ಕಾರ್ಖಾನೆಯ ಹೆಸರು, ಊರಿನ ಹೆಸರು ಉಬ್ಬು ಅಕ್ಷರದಲ್ಲಿ ಇರುತ್ತದೆ. ಕೆಲವದರಲ್ಲಿ ಇಸವಿ ಕೂಡ ಇರುತ್ತದೆ. ಅಂಚಿನಲ್ಲಿರುವ ಗಾಡಿ, ಅಂದರೆ ಉದ್ದದ ತೋಡು, ಪಕ್ಕದ ಹೆಂಚಿನ ಉಬ್ಬಿದ ಅಂಚಿಗೆ ಸರಿಯಾಗಿ ಕೂರುತ್ತದೆ, ಗಾರೆ ಬೇಡ. ಬೆರಳಿನಿಂದ ತಟ್ಟಿದರೆ ಟಣ್ ಅನ್ನಬೇಕು, ಆಗ ಚೆನ್ನಾಗಿ ಬೆಂದಿದೆ ಅಂತ. ನಮ್ಮ ಅಜ್ಜ ಹೆಂಚು ಕೊಳ್ಳುವಾಗ ಹೀಗೇ ತಟ್ಟಿ ತಟ್ಟಿ ಆರಿಸುತ್ತಿದ್ದರು. ಆ ಕಾರ್ಖಾನೆಗಳಲ್ಲಿ ಹೆಚ್ಚಿನವು ಮುಚ್ಚಿವೆ. ಅವುಗಳ ಚಿಮಣಿಗಳನ್ನಾದರೂ ಯಾರಾದರೂ ಉಳಿಸಿಕೊಳ್ಳಬೇಕಿತ್ತು ಅನ್ನುವ ನೋವು ನನಗಿದೆ.

ಬಂದರಿನಿಂದ ರಥಬೀದಿಗೆ ನಡೆದೇ ಹೋಗಬಹುದು. ವೆಂಕಟರಮಣ ದೇವಸ್ಥಾನದ ಸುತ್ತ ಹೂವಿನ ಅಂಗಡಿಗಳು. ಇಲ್ಲಿ ಮಲ್ಲಿಗೆಯನ್ನು ಮೊಳದಲ್ಲಿ ಕೇಳಬೇಡಿ, ಚೆಂಡಿನ ಲೆಕ್ಕದಲ್ಲಿ ಕೇಳಿ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಬಾಳೆನಾರಿನಲ್ಲಿ ಒತ್ತೊತ್ತಾಗಿ ಕಟ್ಟಿದ ಹೂವು ನೋಡಿ ಚಿಕ್ಕಮ್ಮ ‘ನಮ್ಮ ಮೈಸೂರು ಮಲ್ಲಿಗೆಗೆ ಇದು ಸಾಟಿಯೇನೋ?’ ಅಂದರು. ಅಂದವರೇ ಎರಡು ಚೆಂಡು ಕೊಂಡು ಮುಡಿದುಕೊಂಡರು. ಹಸಿವಾಗಿದ್ದರೆ ಅಲ್ಲಿಯೇ ಯಾವುದಾದರೂ ಹಳೆ ಹೋಟೆಲಿಗೆ ನುಗ್ಗಿ. ಬನ್ಸ್, ಗೋಳಿಬಜೆ, ಕಾಫಿ ಸಾಕು.

ಮಧ್ಯಾಹ್ನದ ಬಿಸಿಲಿಗೆ ಅಲೋಶಿಯಸ್ ಕಾಲೇಜಿನ ಚಾಪೆಲ್. ಇದು ಗೊತ್ತಿಲ್ಲದ ಜಾಗವೇನಲ್ಲ. ಆದರೂ ಇದನ್ನು ಹತ್ತು ನಿಮಿಷದಲ್ಲಿ ನೋಡಿ ಹೊರಬರುವವರೇ ಜಾಸ್ತಿ. ಇಟಲಿಯಿಂದ ಬಂದ ಜೆಸ್ವಿಟ್ ಬ್ರದರ್ ಆಂಟೋನಿಯೊ ಮೊಸ್ಕೇನಿ 1899ರ ಸುಮಾರಿಗೆ ಇಲ್ಲಿ ಕುಂಚ ಹಿಡಿದರು. ಎರಡು ವರ್ಷ ಚಿಲ್ಲರೆಯಲ್ಲಿ ಗೋಡೆ, ಕಮಾನು, ಮೇಲ್ಚಾವಣಿ ಎಲ್ಲ ತುಂಬಿಸಿದರು. ಗೋಡೆಯ ಮೇಲಿನದು ಫ್ರೆಸ್ಕೊ. ಸುಣ್ಣದ ಗಾರೆ ಹಸಿಯಾಗಿರುವಾಗಲೇ ಅದರ ಮೇಲೆ ಬಣ್ಣ ಹಾಕಬೇಕು. ಗಾರೆ ಒಣಗಿದರೆ ಆ ದಿನದ ಕೆಲಸ ಮುಗಿದ ಹಾಗೆ. ತಪ್ಪಾದರೆ ಕೆರೆದು ತೆಗೆದು ಹೊಸದಾಗಿ ಮೆತ್ತಬೇಕು. ಮೇಲ್ಚಾವಣಿಯ ಚಿತ್ರಗಳು ಬೇರೆ ರೀತಿಯವು, ಕ್ಯಾನ್ವಾಸ್ ಮೇಲೆ ತೈಲವರ್ಣದಲ್ಲಿ ಬರೆದವು. ನಮ್ಮೂರಿನ ಮಳೆಗಾಲದ ತೇವ ನೆನಪಿಸಿಕೊಂಡು ಆ ಗೋಡೆ ನೋಡಿ. ಇಷ್ಟು ಕಾಲ ಆ ಬಣ್ಣ ಉಳಿದಿರುವುದು ಸಣ್ಣ ಮಾತಲ್ಲ. ಬೆಂಚಿನಲ್ಲಿ ಕುಳಿತು ಒಂದು ಗೋಡೆಯನ್ನಾದರೂ ಪೂರ್ತಿ ನೋಡಿ. ಕಲ್ಲಿನಲ್ಲಿ ಕೆತ್ತಿದ ಪಟ್ಟಿ, ಉಬ್ಬು ಅಲಂಕಾರ ಅಂತ ಕಾಣುವುದರಲ್ಲಿ ಎಷ್ಟೋ ಭಾಗ ಬರೀ ಬಣ್ಣ ಮತ್ತು ನೆರಳಿನ ಕೆಲಸ ಅನ್ನುವುದು ಆಗ ಗೊತ್ತಾಗುತ್ತದೆ. ಮಧ್ಯಾಹ್ನ ಸ್ವಲ್ಪ ಹೊತ್ತು ಬಾಗಿಲು ಹಾಕುತ್ತಾರೆ, ಮೊದಲೇ ಕೇಳಿಕೊಂಡು ಹೋಗಿ.

ಅಲ್ಲೇ ಎದುರಿಗೆ ಬಾವುಟಗುಡ್ಡೆ. 1837ರ ಏಪ್ರಿಲ್‌ನಲ್ಲಿ ಅಮರ ಸುಳ್ಯದ ರೈತರು ಈಸ್ಟ್ ಇಂಡಿಯಾ ಕಂಪನಿಯ ಪಡೆ ಓಡಿಸಿ ತಮ್ಮ ಬಾವುಟ ಹಾರಿಸಿದ ಗುಡ್ಡ ಇದು. ಹದಿಮೂರು ದಿನ ಮಂಗಳೂರು ಅವರ ಕೈಯಲ್ಲಿತ್ತು. ಆ ಹೋರಾಟದ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಈಗ ಅಲ್ಲಿದೆ. 1857ಕ್ಕಿಂತ ಇಪ್ಪತ್ತು ವರ್ಷ ಮೊದಲಿನ ಸಂಗತಿ ಇದು. ಶಾಲೆಗೆ ಹೋಗುವ ಮಕ್ಕಳು ಜೊತೆಗಿದ್ದರೆ ಈ ಕಥೆಯನ್ನು ನಾನು ತಪ್ಪದೆ ಹೇಳುತ್ತೇನೆ.

ಪುಸ್ತಕ, ಪತ್ರಿಕೆ ಪ್ರೀತಿಸುವವರು ಬಂದರೆ ಮಿಶನ್‌ನ ನೆಲೆಯಾಗಿದ್ದ ಬಲ್ಮಠದ ಗುಡ್ಡಕ್ಕೂ ಕರೆದೊಯ್ಯುತ್ತೇನೆ. ಬಾಸೆಲ್ ಮಿಶನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಹರ್ಮನ್ ಮೊಗ್ಲಿಂಗ್ ‘ಮಂಗಳೂರ ಸಮಾಚಾರ’ ಶುರು ಮಾಡಿದ್ದು 1843ರ ಜುಲೈ 1ರಂದು. ಕನ್ನಡದ ಮೊದಲ ಪತ್ರಿಕೆ ಅದು, ಕಲ್ಲಚ್ಚಿನಲ್ಲಿ ಅಚ್ಚಾಗುತ್ತಿತ್ತು. ನಾವು ಪತ್ರಿಕಾ ದಿನ ಆಚರಿಸುವುದು ಅದೇ ತಾರೀಖಿನಂದು. ಕಿಟ್ಟೆಲ್ ನಿಘಂಟು 1894ರಲ್ಲಿ ಹೊರಬಂದದ್ದೂ ಇಲ್ಲಿನ ಮಿಶನ್ ಮುದ್ರಣಾಲಯದಿಂದ. ದೇವಶಾಸ್ತ್ರ ಕಾಲೇಜಿನ ಮರಗಳ ನೆರಳಲ್ಲಿ, 1862ರ ಶಾಂತಿ ಕೆಥಡ್ರಲ್ ಅಕ್ಕಪಕ್ಕ ಒಂದು ಸುತ್ತು ನಡೆದರೂ ಸಂತೋಷ. ಕನ್ನಡ ಓದಿ ಬರೆಯುವ ಯಾರಿಗಾದರೂ ಈ ಗುಡ್ಡದ ಋಣ ಇದೆ.

ಸಂಜೆಗೆ ನದಿ. ನಾಲ್ಕು ಗಂಟೆ ದಾಟಿದ ಮೇಲೆ ಬೋಳೂರಿನ ಸುಲ್ತಾನ್ ಬತ್ತೇರಿ. ಫಲ್ಗುಣಿ ನದಿಯೊಳಗೆ ಶತ್ರುಗಳ ಹಡಗು ನುಗ್ಗದ ಹಾಗೆ ಟಿಪ್ಪು 1784ರಲ್ಲಿ ಕಪ್ಪು ಕಲ್ಲಿನಲ್ಲಿ ಕಟ್ಟಿಸಿದ ಕಾವಲು ಬುರುಜು. ಚಿಕ್ಕದು. ದೊಡ್ಡ ಕೋಟೆ ಅಂದುಕೊಂಡು ಬಂದವರಿಗೆ ಇಷ್ಟೇನಾ ಅನ್ನಿಸಬಹುದು. ಮೆಟ್ಟಿಲು ಹತ್ತಿ ಗೋಡೆಯ ಕಿಂಡಿಯಲ್ಲಿ ಕಣ್ಣಿಟ್ಟು ನೋಡಿ. ನದಿ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಅನ್ನುವುದು ಅಲ್ಲಿಂದ ಕಾಣುತ್ತದೆ. ಬುರುಜನ್ನು ಬೇರೆಲ್ಲೂ ಅಲ್ಲ, ಇಲ್ಲಿಯೇ ಯಾಕೆ ಕಟ್ಟಿದರು ಅಂತ ಹೇಳಿಕೊಡುವುದೇ ಬೇಡ. ಕೆಳಗೆ ಸಿಡಿಮದ್ದು ಇಡುತ್ತಿದ್ದ ನೆಲಮಾಳಿಗೆ ಇದೆ.

ಬತ್ತೇರಿಯ ಬುಡದಿಂದಲೇ ತಣ್ಣೀರುಬಾವಿಗೆ ದೋಣಿ. ನನ್ನ ನೆಂಟರು ಊರಿಗೆ ಹೋದ ಮೇಲೂ ಮಾತಾಡುವುದು ಈ ದೋಣಿಯ ಬಗ್ಗೆಯೇ. ದಾಟಲು ಕೆಲವೇ ನಿಮಿಷ. ಜೊತೆಗೆ ಕೂರುವವರು ಪ್ರವಾಸಿಗರು ಮಾತ್ರ ಅಲ್ಲ. ಕೆಲಸ ಮುಗಿಸಿ ಮನೆಗೆ ಹೋಗುವವರು, ಬೆನ್ನಿಗೆ ಚೀಲ ಹಾಕಿದ ಶಾಲೆ ಮಕ್ಕಳು, ಖಾಲಿ ಬುಟ್ಟಿ ಮಡಿಲಲ್ಲಿಟ್ಟುಕೊಂಡ ಮೀನು ಮಾರುವ ಅಕ್ಕ. ದೋಣಿಯವರು ‘ಅಮ್ಮಾ, ನೀವು ಈ ಕಡೆ ಕೂತ್ಕೊಳ್ಳಿ’ ಅಂತ ಒಬ್ಬೊಬ್ಬರನ್ನೂ ಭಾರ ನೋಡಿ ಕೂರಿಸುತ್ತಾರೆ. ಚಿಕ್ಕಮ್ಮನಿಗೆ ನೀರೆಂದರೆ ಹೆದರಿಕೆ. ಕೈ ಹಿಡಿದು ಕುಳಿತಿದ್ದವರು ನಡುನದಿಯಲ್ಲಿ ಕೈ ಬಿಟ್ಟು, ಪಕ್ಕದ ಅಕ್ಕನ ಹತ್ತಿರ ಇವತ್ತು ಯಾವ ಮೀನಿಗೆ ಎಷ್ಟು ಅಂತ ವಿಚಾರಿಸತೊಡಗಿದರು. ಚಿಲ್ಲರೆ ಕೈಯಲ್ಲಿಟ್ಟುಕೊಳ್ಳಿ. ಇಳಿಯುವಾಗಲೇ ಕೊನೆಯ ದೋಣಿ ಎಷ್ಟು ಹೊತ್ತಿಗೆ ಅಂತ ಕೇಳಿಡಿ. ತಪ್ಪಿದರೆ ಕೂಳೂರಿನ ಮೇಲೆ ರಸ್ತೆಯಲ್ಲಿ ಸುತ್ತಿ ಬರಬೇಕಾಗುತ್ತದೆ.

ಆ ಕಡೆ ಇರುವುದು ನದಿಗೂ ಸಮುದ್ರಕ್ಕೂ ನಡುವೆ ಚಾಚಿಕೊಂಡ ಮರಳಿನ ಪಟ್ಟಿ. ಗಾಳಿಮರಗಳ ನಡುವೆ ಸ್ವಲ್ಪ ನಡೆದರೆ ಸಮುದ್ರ. ಸೂರ್ಯ ಮುಳುಗುವುದನ್ನು ನೋಡಲು ಪಣಂಬೂರಿಗಿಂತ ಇದೇ ನನಗೆ ಇಷ್ಟ. ನಡೆಯಲು ಉತ್ಸಾಹ ಇರುವವರನ್ನು ದಕ್ಷಿಣಕ್ಕೆ ಬೆಂಗ್ರೆಯ ಕಡೆಗೂ ಕರೆದೊಯ್ಯುತ್ತೇನೆ. ಅದು ಮೀನುಗಾರರ ಊರು. ಬಲೆ ಹೆಣೆಯುವವರು, ಅಂಗಳದಲ್ಲಿ ಒಣಮೀನು ಹರಡುವವರು, ಒಂದು ಕಡೆ ಭಜನಾ ಮಂದಿರ, ಇನ್ನೊಂದು ಕಡೆ ಮಸೀದಿ. ಪಟ್ಟಿಯ ತುದಿಯಲ್ಲಿ ಅಳಿವೆ ಬಾಗಿಲು. ಎರಡು ನದಿಗಳೂ ಸಮುದ್ರಕ್ಕೆ ಸೇರುವ ಜಾಗ ಇದೇ. ಎದುರಿಗೆ ಉಳ್ಳಾಲದ ಕೋಟೆಪುರ ಕಾಣುತ್ತದೆ. ಮೀನುಗಾರಿಕೆಯಿಂದ ಮರಳುವ ಬೋಟುಗಳು ಈ ಬಾಯಿಯಿಂದಲೇ ಒಳಗೆ ಬರಬೇಕು. ಅಲೆ ಮತ್ತು ನದಿಯ ಸೆಳೆತ ಎದುರುಬದುರಾಗುವ ಜಾಗ, ಮರಳಿನ ದಿಬ್ಬ ಬೇರೆ ಬೆಳೆಯುತ್ತಿರುತ್ತದೆ. ಬೋಟು ಒಂದು ಕ್ಷಣ ತಡೆದು, ಅಲೆಯ ಲೆಕ್ಕ ನೋಡಿ ನುಗ್ಗುವುದನ್ನು ನೋಡುತ್ತಿದ್ದರೆ ಬೆಳಿಗ್ಗೆ ದಕ್ಕೆಯಲ್ಲಿ ಕಂಡ ಬುಟ್ಟಿ ಮೀನಿನ ಬೆಲೆ ಅರ್ಥವಾಗುತ್ತದೆ. ಇಲ್ಲಿ ನೀರಿಗೆ ಇಳಿಯಲೇಬಾರದು. ಬೆಂಗ್ರೆಯಿಂದ ಹಳೆ ಬಂದರಿಗೆ ಬೇರೆ ಫೆರಿ ಇದೆ. ಹಾಗಾಗಿ ಒಂದು ದೋಣಿಯಲ್ಲಿ ಹೋಗಿ ಇನ್ನೊಂದರಲ್ಲಿ ಬರಬಹುದು, ಅದೇ ಊರಿನ ಅತಿ ಚಂದದ ಸುತ್ತು.

ಎರಡನೇ ದಿನದ ಬೆಳಿಗ್ಗೆ ಕದ್ರಿಗೆ ಮೀಸಲು. ಮಂಜುನಾಥನ ದರ್ಶನಕ್ಕೆ ಎಲ್ಲರೂ ಬರುತ್ತಾರೆ. ನಾನು ನೆಂಟರನ್ನು ಅಲ್ಲಿನ ಲೋಕೇಶ್ವರನ ಕಂಚಿನ ಮೂರ್ತಿಯ ಮುಂದೆ ನಿಲ್ಲಿಸುತ್ತೇನೆ. ಮೂರು ಮುಖ, ಆರು ಕೈ, ಪದ್ಮಾಸನ. ಎತ್ತರ ಸುಮಾರು ಐದು ಅಡಿ. ‘ಇದು ಬ್ರಹ್ಮ ಅಲ್ವಾ?’ ಅಂತ ಭಾವ ಕೇಳಿದರು. ಉತ್ತರ ಪೀಠದಲ್ಲೇ ಇದೆ. ತುಳುನಾಡನ್ನು ಆಳಿದ ಆಳುಪ ವಂಶದ ದೊರೆ ಕುಂದವರ್ಮ 968ರಲ್ಲಿ ಕದರಿಕಾ ವಿಹಾರದಲ್ಲಿ ಲೋಕೇಶ್ವರನನ್ನು ಸ್ಥಾಪಿಸಿದ ಅಂತ ಅಲ್ಲಿ ಬರೆಸಿದ್ದಾರೆ. ವಿಹಾರ ಅನ್ನುವ ಮಾತು ಹಿಡಿದು ಅನೇಕ ವಿದ್ವಾಂಸರು ಇದನ್ನು ಬೌದ್ಧರ ಅವಲೋಕಿತೇಶ್ವರ ಅನ್ನುತ್ತಾರೆ. ಅದರ ಮುಖಗಳ ಶಾಂತಿ, ಕಿರೀಟದ ಸಣ್ಣ ಕೆಲಸ, ಬೆರಳುಗಳ ನಯ, ಇವನ್ನು ನೋಡಲು ಜನ ಕಡಿಮೆ ಇರುವ ಹೊತ್ತೇ ಸರಿ. ಸಾವಿರ ವರ್ಷದಿಂದ ಪೂಜೆ ನಡೆಯುವ ಜಾಗದಲ್ಲಿ ಅಂಥ ಕಂಚು ಇನ್ನೂ ಇದೆ ಅನ್ನುವುದು ನಮ್ಮ ಊರಿನ ಭಾಗ್ಯ.

ದೇವಸ್ಥಾನದ ಹಿಂದೆ ಗೋಮುಖದಿಂದ ನೀರು ಬೀಳುತ್ತದೆ, ಪಕ್ಕದಲ್ಲಿ ಸಾಲು ಕೆರೆಗಳು. ಮೆಟ್ಟಿಲು ಹತ್ತಿ ಗುಡ್ಡದ ಮೇಲೆ ಹೋದರೆ ಶೈವ ಯೋಗಿಗಳ ನಾಥಪಂಥಕ್ಕೆ ಸೇರಿದ ಜೋಗಿ ಮಠ, ಅಲ್ಲೇ ಪಾಂಡವರ ಗುಹೆಗಳು. ನಾಸಿಕದ ಕುಂಭಮೇಳ ಮುಗಿದ ಮೇಲೆ ನಾಥ ಯೋಗಿಗಳು ತಿಂಗಳುಗಟ್ಟಲೆ ನಡೆದು ಇಲ್ಲಿಗೆ ಬರುತ್ತಾರೆ. ಮಠಕ್ಕೆ ಹೊಸ ರಾಜನ, ಅಂದರೆ ಮಠದ ಮುಖ್ಯಸ್ಥನ, ಪಟ್ಟಾಭಿಷೇಕ ಆಗುತ್ತದೆ, ಅದೂ 12 ವರ್ಷಕ್ಕೊಮ್ಮೆ. ಕೆಳಗಿನ ದೇವಸ್ಥಾನ ನೋಡಿ ಹಾಗೇ ಹೊರಡುವವರಿಗೆ ಇದು ಗೊತ್ತೇ ಆಗುವುದಿಲ್ಲ.

ಕದ್ರಿಯಿಂದ ಬಿಜೈಗೆ ಆಟೋದಲ್ಲಿ ಸ್ವಲ್ಪವೇ ದೂರ. ಅಲ್ಲಿನ ಶ್ರೀಮಂತಿ ಬಾಯಿ ಸರ್ಕಾರಿ ವಸ್ತುಸಂಗ್ರಹಾಲಯದ ಕಟ್ಟಡ ಹಡಗಿನ ಆಕಾರದಲ್ಲಿದೆ. ಮಿರಾಜ್‌ಕರ್ ಅನ್ನುವ ಸೇನಾ ವೈದ್ಯರು ತಮ್ಮ ಮನೆಯನ್ನೇ ತಾಯಿಯ ಹೆಸರಿನಲ್ಲಿ ಬಿಟ್ಟುಕೊಟ್ಟರು. ತೆರೆದಿದೆಯಾ ಅಂತ ವಿಚಾರಿಸಿ ಹೋಗಿ.

ಇನ್ನೂ ಒಂದು ದಿನ ಉಳಿಯುವವರಿಗೆ ನಾನು ಹೇಳುವುದು ಮೂಡುಬಿದಿರೆ. ಸುಮಾರು 35 ಕಿಲೋಮೀಟರ್. ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಖಾಸಗಿ ಬಸ್ಸುಗಳು ಬೇಕಾದಷ್ಟು. 1430ರ ಸಾವಿರ ಕಂಬದ ಬಸದಿಗೆ ಎಲ್ಲರೂ ಹೋಗುತ್ತಾರೆ. ಕಂಬ ಎಣಿಸುವುದು ಬಿಟ್ಟು ಮುಂದಿನ ಮಂಟಪದ ಅಧಿಷ್ಠಾನದ, ಅಂದರೆ ಬುಡದ ಜಗತಿಯ, ಹತ್ತಿರ ಬಗ್ಗಿ ನೋಡಿ. ಅಲ್ಲಿನ ಪಟ್ಟಿಯಲ್ಲಿ ಒಂದು ಜಿರಾಫೆ, ಒಂದು ಚೀನೀ ಡ್ರ್ಯಾಗನ್ ಇವೆ. ಕಡಲ ವ್ಯಾಪಾರ ಎಲ್ಲೆಲ್ಲಿಯವರನ್ನು ಇಲ್ಲಿಗೆ ಕರೆತಂದಿತ್ತು ಅನ್ನುವುದಕ್ಕೆ ಆ ಎರಡು ಪ್ರಾಣಿಗಳೇ ಸಾಕ್ಷಿ. ಆಮೇಲೆ ಚೌಟ ಅರಸರ ಅರಮನೆ. ಒಂಬತ್ತು ಹೆಂಗಸರು ಹೆಣೆದುಕೊಂಡು ಆನೆಯಾದ ನವನಾರಿ ಕುಂಜರ, ಐವರು ಸೇರಿ ಕುದುರೆಯಾದ ಪಂಚನಾರಿ ತುರಗ, ಎರಡೂ ಅಲ್ಲಿನ ಮರದ ಕಂಬಗಳ ಮೇಲಿವೆ. ಅಲ್ಲಿಂದ ಕೊಡಂಗಲ್ಲಿಗೆ ಹೋಗಿ. ಜೈನ ಮುನಿಗಳ ನಿಷಿಧಿಗಳು, ಅಂದರೆ ಸಮಾಧಿ ಸ್ಮಾರಕಗಳು, ಮಾಡಿನ ಮೇಲೆ ಮಾಡು ಇಟ್ಟ ಹಾಗೆ ಅಂತಸ್ತು ಅಂತಸ್ತಾಗಿ ನಿಂತಿವೆ. ಬಸದಿಯಲ್ಲಿ ಕಾಣುವ ಗುಂಪು ಇಲ್ಲಿ ಇರುವುದೇ ಇಲ್ಲ.

ಹುಡುಗರು ಜೊತೆಗಿದ್ದು ಸಮುದ್ರವೇ ಬೇಕು ಅಂದರೆ ಉತ್ತರಕ್ಕೆ ಸಸಿಹಿತ್ಲು. ನಂದಿನಿ, ಶಾಂಭವಿ ನದಿಗಳು ಸೇರುವ ಕಡೆ ಇರುವ ಈ ಬೀಚಿನಲ್ಲಿ 2016ರಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ನಡೆದಿತ್ತು. ಮುಲ್ಕಿಯಲ್ಲಿ ಸರ್ಫಿಂಗ್ ಕಲಿಸುವವರಿದ್ದಾರೆ. ದಾರಿಯಲ್ಲೇ ಬಪ್ಪನಾಡು ದುರ್ಗಾಪರಮೇಶ್ವರಿ ದೇವಸ್ಥಾನ. ಬಪ್ಪ ಬ್ಯಾರಿ ಅನ್ನುವ ಮುಸ್ಲಿಂ ವರ್ತಕರು ಕಟ್ಟಿಸಿದರು ಅನ್ನುವ ಐತಿಹ್ಯ ಅದಕ್ಕಿದೆ.

ಇದೆಲ್ಲ ನವೆಂಬರಿನಿಂದ ಫೆಬ್ರವರಿವರೆಗಿನ ಮಾತು. ಆಗ ಬಂದರೆ ಹತ್ತಿರದಲ್ಲಿ ಎಲ್ಲಾದರೂ ಕಂಬಳ ಇದೆಯಾ ಅಂತಲೂ ಕೇಳಿ. ಮಳೆಗಾಲದಲ್ಲಿ ಬರುವವರಿಗೆ ನನ್ನ ಕ್ರಮ ಬೇರೆ. ಜೋರು ಮಳೆಗೆ ದೋಣಿ ನಿಲ್ಲಿಸುತ್ತಾರೆ, ದಕ್ಕೆ ಖಾಲಿ. ಆಗ ಕದ್ರಿ, ಚಾಪೆಲ್, ಬಲ್ಮಠ ಒಂದು ದಿನ. ಇನ್ನೊಂದು ದಿನ ಬಂಟ್ವಾಳದ ಕಡೆ ಕಾರಿಂಜ ಬೆಟ್ಟ, ಕೆಳಗೆ ಪಾರ್ವತಿ, ಬಂಡೆಯ ತುದಿಯಲ್ಲಿ ಈಶ್ವರ, ಸುತ್ತ ಹಸಿರು. ಮೆಟ್ಟಿಲು ಜಾರುತ್ತದೆ, ಮಂಗಗಳಿವೆ, ಕೈಯಲ್ಲಿ ತಿಂಡಿ ಬೇಡ. ಮನೆಗೆ ಬರುವಷ್ಟರಲ್ಲಿ ನಮ್ಮವರು ಕೆಸುವಿನ ಎಲೆ ತಂದು ಪತ್ರೊಡೆ ಬೇಯಿಸಿಟ್ಟಿರುತ್ತಾರೆ. ಸಮುದ್ರ ನೋಡಲೇಬೇಕು ಅಂದರೆ ಸೋಮೇಶ್ವರದ ದೇವಸ್ಥಾನದ ಹತ್ತಿರ ನಿಂತು ರುದ್ರಪಾದೆ ಅನ್ನುವ ಬಂಡೆಗೆ ಅಲೆ ಬಡಿಯುವುದನ್ನು ನೋಡಿ. ಬಂಡೆಯ ಮೇಲೆ ಹತ್ತುವುದು, ನೀರಿಗೆ ಇಳಿಯುವುದು ಆ ತಿಂಗಳುಗಳಲ್ಲಿ ಖಂಡಿತ ಬೇಡ.